ಮುಳುಗೂರಿನ ಹುಕುಂ ಮಾತು

ಸಾಕಿದ ನಾಯಿ ಒಂದು ದಿನ ಮಾತು ಕೇಳದಿದ್ದರೆ ಬೈದು ಸುಮ್ಮನಾಗಬಹುದು. ತಲೆಯ ಮೇಲೆ ಬೆಟ್ಟದಷ್ಟು ನೀರು ಹೊತ್ತು ಕಡಲಿನ ತಳದಲ್ಲಿ ಕೂತಿರುವಾಗ ಬಾಗಿಲು ಮಾತು ಕೇಳದಿದ್ದರೆ ಯಾರನ್ನು ಬೈಯುವುದು? ಶಿವಗಂಗಾಳ ಎದೆಗೆ ಆ ಭಯ ಮೊದಲು ಹೊಕ್ಕಿದ್ದು ಒಂದು ಮಾಮೂಲಿ ಬೆಳಗಿನ ಪಾಳಿಯಲ್ಲಿ.

ಅವಳು ಮುಳುಗೂರಿನ ನಿಯಂತ್ರಣ ಕೊಠಡಿಯಲ್ಲಿ ಬಾಗಿಲು, ಪಂಪು, ಗಾಳಿ ನೋಡಿಕೊಳ್ಳುವವಳು. ಮುಳುಗೂರು ಸರ್ಕಾರಿ ಹೆಸರಲ್ಲ. ಕಾರವಾರದಿಂದ ಬಹುದೂರ, ಅರಬ್ಬಿ ಸಮುದ್ರದ ಅಡಿಯಲ್ಲಿ ಲೋಹದ ಗಟ್ಟಿಗಳನ್ನು ಬಾಚುವ ಗಣಿಗೆಂದು ಕಟ್ಟಿದ ವಸತಿಗೆ ಅಲ್ಲಿನವರೇ ಇಟ್ಟುಕೊಂಡ ಅಡ್ಡಹೆಸರು. ದಾವಣಗೆರೆ ಕಡೆಯಿಂದ ಗಂಡ ಕರಿಬಸಪ್ಪನ ಜೊತೆ ಅವಳು ಅಲ್ಲಿಗೆ ಇಳಿದಾಗ ತವರಿನವರು 'ಹುಡುಗಿಯನ್ನು ನೋಡಿ ನೋಡಿ ಬಾವಿಗೆ ಕೊಟ್ಟೆವು' ಎಂದು ಗೊಣಗಿದ್ದರು. ಶಿವಗಂಗಾ ನಕ್ಕುಬಿಟ್ಟಿದ್ದಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ಆ ಬೆಳಗ್ಗೆ ಅಡುಗೆಮನೆ ಓಣಿಯ ನೀರು ಸುಮ್ಮನೆ ಹರಿದುಹೋಗುತ್ತಿತ್ತು. ಅವಳು ಎಂದಿನಂತೆ ಮೈಕಿಗೆ ಬಾಯಿಟ್ಟು, "ಝಕು ತಪಾ, ಝಕು ತಪಾ" ಎಂದಳು. ನೀರು ಮುಚ್ಚು ಎಂದರ್ಥ. 'ಆಯಿತು' ಎನ್ನುವ ಗಂಟೆ ಟಿಣ್ ಎಂದಿತು. ಆದರೆ ಪರದೆಯಲ್ಲಿ ನೋಡಿದರೆ ನಲ್ಲಿಯ ಹಿಡಿ ಮುಚ್ಚುವ ಕಡೆಗೆ ಒಂದಿಷ್ಟು ತಿರುಗಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ನೀರು ಹರಿಯುತ್ತಲೇ ಇತ್ತು. ಅವಳು ಮತ್ತೆ ಕೂಗಿದಳು. ಮತ್ತೆ ಟಿಣ್, ಮತ್ತೆ ಅದೇ ನಾಟಕ.

"ಎಂತ ಆಯ್ತು ಮಾರಾಯ್ತಿ?" ಎಂದು ಪಕ್ಕದ ಕುರ್ಚಿಯಿಂದ ಬಾಗಿದವರು ಲಾರೆನ್ಸ್ ಕ್ರಾಸ್ತಾ, ಮಂಗಳೂರಿನ ಕಡೆಯವರು, ಆ ಕೊಠಡಿಗೆ ಹಿರಿಯರು. ಬಾಯ್ತುಂಬ ಬನ್ಸ್ ಇಟ್ಟುಕೊಂಡಿದ್ದ ಅವರು ಕಷ್ಟಪಟ್ಟು ಒಂದೇ ಸಲ "ಝಕು ತಪಾ" ಎಂದರು. ನಲ್ಲಿ ಮುಚ್ಚಿಕೊಂಡಿತು. "ನೋಡು, ಅದಕ್ಕೆ ನನ್ನ ಮುಖ ಕಂಡ್ರೆ ಹೆದರಿಕೆ ಉಂಟು" ಎಂದು ಅವರು ನಕ್ಕರು. ಅವಳು ನಗಲಿಲ್ಲ. ಕೆಟ್ಟುಹೋದ ಯಂತ್ರವನ್ನು ಅವಳು ಬೇಕಾದಷ್ಟು ಕಂಡಿದ್ದಳು. ಮುಚ್ಚಿದ ಹಾಗೆ ಮಾಡಿ ತೋರಿಸುವ ಯಂತ್ರವನ್ನು ಕಂಡಿರಲಿಲ್ಲ.

ಈ ಹುಕುಂ ಮಾತಿನ ಕಥೆ ಇಷ್ಟೇ. ಮುಳುಗೂರಿಗೆ ಕೆಲಸಕ್ಕೆ ಬಂದವರಲ್ಲಿ ಒಡಿಶಾದವರು, ಬಂಗಾಳಿಗಳು, ಮಲಯಾಳಿಗಳು, ಗುಜರಾತಿಗಳು ಎಲ್ಲರೂ ಇದ್ದರು. ಮುಖಗವಸಿನೊಳಗಿಂದ, ಪಂಪುಗಳ ಗದ್ದಲದಲ್ಲಿ, ಒಬ್ಬೊಬ್ಬರು ಒಂದೊಂದು ಉಚ್ಚಾರದಲ್ಲಿ ಕೂಗಿದರೆ ಯಂತ್ರಕ್ಕೆ ತಪ್ಪು ಕೇಳಿಸಬಾರದಲ್ಲ? ಅದಕ್ಕೆ ಎಂಜಿನಿಯರುಗಳು ಯಾರ ಭಾಷೆಗೂ ಸೇರದ ಒಂದು ಹಿಡಿ ಪದಗಳನ್ನು ಹೊಸೆದು ಕೊಟ್ಟರು. ಕೊರೊ ಎಂದರೆ ಬಾಗಿಲು, ತಪಾ ಎಂದರೆ ಮುಚ್ಚು, ಲೂಮಿ ಎಂದರೆ ತೆರೆ. ಅದಕ್ಕೆ ವಿಭಕ್ತಿಯಿಲ್ಲ, ಕಾಲವಿಲ್ಲ, 'ಆದರೆ', 'ಆಮೇಲೆ' ಮೊದಲೇ ಇಲ್ಲ. ಸಂತೆಯಲ್ಲಿ ಪರಭಾಷೆಯವನ ಜೊತೆ ಬೆರಳು ತೋರಿಸಿ ವ್ಯಾಪಾರ ಮಾಡಿದಷ್ಟೇ ಅದರ ಯೋಗ್ಯತೆ. ಹುಕುಂ ಕೊಡುವ ಮಾತಾದ್ದರಿಂದ ಹುಕುಂ ಎಂದೇ ಹೆಸರಾಯಿತು. ಇಡೀ ವಸತಿಯ ಯಂತ್ರಗಳಿಗೆಲ್ಲ ಕಿವಿ ಒಂದೇ. ಎಲ್ಲಿ ಯಾರು ಹುಕುಂ ಆಡಿದರೂ ಅದು ಒಂದೇ ಗಣಕದ ನೆನಪಿಗೆ ಹೋಗುತ್ತದೆ, ಹೆಚ್ಚಿನವರು ಹೇಗೆ ಆಡುತ್ತಾರೋ ಹಾಗೆ ಅದು ತನ್ನ ತಿಳಿವಳಿಕೆಯನ್ನು ತಿದ್ದಿಕೊಳ್ಳುತ್ತದೆ. ಇದನ್ನು ಮಾಡಿದವರು ಬಹಳ ಬುದ್ಧಿವಂತರು. ಶಿಶುವಿಹಾರ ಒಂದಿದೆ ಎನ್ನುವುದನ್ನು ಮಾತ್ರ ಮರೆತರು.

ಪಾಳಿ ಮುಗಿಸಿ ಮನೆಗೆ ಬಂದಾಗ ಐದು ವರ್ಷದ ಮಗಳು ಹೊನ್ನಿ ಬಟ್ಟೆಯ ಗೊಂಬೆಯನ್ನು ಮುಂದೆ ಕೂರಿಸಿಕೊಂಡು ಮಾತಾಡುತ್ತಿದ್ದಳು. ಹುಕುಂನಲ್ಲೇ. ಆದರೆ ಶಿವಗಂಗಾ ಆಡುವ ಹುಕುಂ ಅಲ್ಲ ಅದು. ಅದೇ ಪದಗಳು ತುದಿ ಬದಲಿಸಿಕೊಂಡು, ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಉಸಿರು ಮುಗಿಯುವವರೆಗೆ ಉದ್ದವಾಗಿ ಬರುತ್ತಿದ್ದವು. ಹೊನ್ನಿ ಹುಟ್ಟಿದ್ದೇ ಮುಳುಗೂರಿನಲ್ಲಿ. ಅಪ್ಪ ಅವ್ವ ಇಬ್ಬರೂ ಪಾಳಿಯ ಮೇಲೆ ಇರುವಾಗ ಅವಳನ್ನು ನೋಡಿಕೊಂಡದ್ದು ಶಿಶುವಿಹಾರದ ಆಯಾ ಯಂತ್ರ, ಅದಕ್ಕೆ ಹುಕುಂ ಬಿಟ್ಟು ಬೇರೆ ಬಾರದು. ಜೊತೆಯ ಮಕ್ಕಳ ಮನೆಮಾತು ಒಂದೊಂದು. ದೊಡ್ಡವರು ಮುರುಕು ಮಾತನ್ನು ಎಷ್ಟು ವರ್ಷ ಆಡಿದರೂ ಅದು ಮುರುಕಾಗಿಯೇ ಇರುತ್ತದೆ. ಅದನ್ನೇ ಕೂಸುಗಳ ಕಿವಿಗೆ ಹಾಕಿ ನಾಲ್ಕಾರು ಕೂಸುಗಳನ್ನು ಒಟ್ಟಿಗೆ ಬಿಟ್ಟರೆ ಅವು ಅದನ್ನು ಮುರುಕೆಂದು ಒಪ್ಪುವುದೇ ಇಲ್ಲ. ಇಲ್ಲದ ಪ್ರತ್ಯಯವನ್ನು ತಾವೇ ಹಚ್ಚಿ, ಯಾರೂ ಹೇಳಿಕೊಡದ ನಿಯಮವನ್ನು ಎಲ್ಲವೂ ಸೇರಿ ಪಾಲಿಸುತ್ತವೆ.

"ಬಾರೇ ನಮ್ಮವ್ವ, ತಟ್ಟೆ ಹಾಕೀನಿ. ಬಾ ಬಾ."

ಹೊನ್ನಿ ಕೂತಲ್ಲೇ ಎದ್ದು ನಿಂತು, ಎರಡು ಹೆಜ್ಜೆ ಹಾಕಿದಂತೆ ಕಾಲೆತ್ತಿ ಇಳಿಸಿದಳು. ಬರಲಿಲ್ಲ. ಇತ್ತೀಚೆಗೆ ಇದೊಂದು ಅವಳ ಕಿತಾಪತಿ. ಶಿವಗಂಗಾ ರೇಗಿ ರಟ್ಟೆ ಹಿಡಿದು ತಂದು ತಟ್ಟೆಯ ಮುಂದೆ ಕೂರಿಸಿದಳು. "ಉಣ್ಣು ಉಣ್ಣು, ಬೇಗ ಬೇಗ."

ಹೊನ್ನಿ ಬರಿಗೈಯನ್ನು ಬಾಯಿಗೊಯ್ದು ಗಾಳಿಯನ್ನು ಚೆನ್ನಾಗಿ ಅಗಿದು ನುಂಗಿದಳು.

"ಏಟು ಬೇಕೇನೆ? ನಿಜವಾಗ್ಲೂ ಉಣ್ಣು ಅಂದ್ರೆ ಆಟ ಆಡ್ತೀಯ?"

"ನೀನೇ ಎರಡು ಸಲ ಅಂದೆ ಅವ್ವ" ಎಂದಳು ಹೊನ್ನಿ. ಅವಳ ಕನ್ನಡ ನೆಂಟರ ಮನೆಯಲ್ಲಿ ಕೂತ ಹಾಗೆ, ಸಂಕೋಚದ್ದು. "ಎರಡು ಸಲ ಅಂದ್ರೆ ಆಟಕ್ಕೆ. ಒಂದು ಸಲ ಅಂದ್ರೆ ನಿಜಕ್ಕೆ. ಆಯಾಗೂ ಗೊತ್ತು."

ಶಿವಗಂಗಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಝಕು ತಪಾ, ಝಕು ತಪಾ. ಆಯಾಗೆ ಗೊತ್ತಿದ್ದರೆ ನಲ್ಲಿಗೂ ಗೊತ್ತು. ನಲ್ಲಿಗೆ ಗೊತ್ತಿದ್ದರೆ ಮುಳುಗೂರಿನ ಪ್ರತಿ ಬಾಗಿಲಿಗೂ ಗೊತ್ತು.

ಮರುದಿನ ಕ್ರಾಸ್ತಾ ಗಣಕದ ನೆನಪನ್ನು ಕೆದಕಿ ನೋಡಿದರು. ಕೆಲಸಗಾರರು ದಿನವಿಡೀ ಆಡುವ ಹುಕುಂ ಅಷ್ಟಕ್ಕಷ್ಟೆ, ಶಿಶುವಿಹಾರದ ಮಕ್ಕಳು ಎದ್ದಾಗಿನಿಂದ ಮಲಗುವವರೆಗೆ ಅದರಲ್ಲೇ ಜಗಳವಾಡಿ, ಕಥೆ ಹೇಳಿ, ಚಾಡಿ ಹೇಳುತ್ತಿದ್ದವು. ಹೆಚ್ಚಿನವರು ಆಡುವ ಹಾಗೆ ಯಂತ್ರ ಕಲಿತಿತ್ತು, ಅಷ್ಟೇ. "ದಡದ ಆಫೀಸಿಗೆ ಇದನ್ನು ಹೇಳ್ಲಿಕ್ಕೆ ಹೋದ್ರೆ ನಗಾಡ್ತಾರೆ" ಎಂದರು ಕ್ರಾಸ್ತಾ. ಅವರೇ ಎಲ್ಲ ಓಣಿಗಳಲ್ಲಿ ಫಲಕ ಹಾಕಿಸಿದರು: ಹುಕುಂ ಒಂದೇ ಸಲ ಹೇಳಿ.

ಹೇಳುವುದು ಸುಲಭ. ಹೆದರಿದವನು ಒಂದೇ ಸಲ ಕೂಗಿದ್ದನ್ನು ನೀವು ಕಂಡಿದ್ದೀರಾ? ನಾವು ಹಾವು ಕಂಡರೆ 'ಹಾವು ಹಾವು' ಅನ್ನುತ್ತೇವೆ, ಕಳ್ಳ ಬಂದರೆ 'ಕಳ್ಳ ಕಳ್ಳ'. ಶಾಲೆಯಲ್ಲಿ ಮೇಷ್ಟ್ರು ಅದಕ್ಕೆ ದ್ವಿರುಕ್ತಿ ಎಂದು ಹೆಸರು ಹೇಳಿ, ಅವಸರಕ್ಕೂ ಆಶ್ಚರ್ಯಕ್ಕೂ ಬರುತ್ತದೆಂದು ಬಾಯಿಪಾಠ ಮಾಡಿಸಿದ್ದರು. ಆಟಕ್ಕೆ ಬರುತ್ತದೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಅಪಾಯ ಬಹಳ ಕಾಯಿಸಲಿಲ್ಲ. ಒಂದು ಮಧ್ಯಾಹ್ನ ಶಿಶುವಿಹಾರಕ್ಕೆ ಹೋಗುವ ಓಣಿಯ ಬೆಸುಗೆ ಬಿಟ್ಟುಕೊಂಡಿತು. ದೀಪ ಆರಿತು, ಓಣಿಯ ಕ್ಯಾಮೆರಾ ಕುರುಡಾಯಿತು, ಕತ್ತಲೆಯ ಓಣಿಗೆ ನೀರು ನುಗ್ಗಿತು. ಓಣಿಯ ಆ ತುದಿಯಲ್ಲಿ ಶಿಶುವಿಹಾರದ ಬಾಗಿಲು ತೆರೆದೇ ಇತ್ತು, ಒಳಗೆ ಮಕ್ಕಳಿದ್ದವು, ಅಷ್ಟನ್ನು ಶಿಶುವಿಹಾರದೊಳಗಿನ ಕ್ಯಾಮೆರಾ ತೋರಿಸುತ್ತಿತ್ತು. ಓಣಿಯ ನಡುವೆ ಬೆಸುಗೆ ರಿಪೇರಿಗೆಂದು ಹೋಗಿದ್ದ ಕರಿಬಸಪ್ಪ ಒಬ್ಬನೇ ಇದ್ದ.

"ಕೊರೊ ತಪಾ, ಕೊರೊ ತಪಾ!" ಎಂದು ಕ್ರಾಸ್ತಾ ಕಿರುಚಿದರು, ತಾವೇ ಹಾಕಿಸಿದ ಫಲಕ ಎದುರಿಗಿದ್ದರೂ. ಟಿಣ್ ಎಂದಿತು. ಬಾಗಿಲು ಅರ್ಧ ಬಂದು ಹಿಂದಕ್ಕೆ ಸರಿಯಿತು. ಕ್ರಾಸ್ತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಒಂದೇ ಸಲ ಹೇಳಿದರೆ ಆಗುತ್ತಿತ್ತು. ಶಿವಗಂಗಾಳ ನಾಲಿಗೆಯ ತುದಿಯಲ್ಲೇ ಅದಿತ್ತು. ಅಷ್ಟರಲ್ಲಿ ರೇಡಿಯೋದಲ್ಲಿ ಗಂಡನ ಏದುಸಿರು ಕೇಳಿಸಿತು. "ಗಂಗಾ, ಗೋಡೆ ಹಿಡ್ಕೊಂಡು ಮಕ್ಕಳ ಕಡೆಗೇ ಬರ್ತಿದೀನಿ. ಏನೂ ಕಾಣ್ತಿಲ್ಲ ಕಣೇ. ಸ್ವಲ್ಪ ತಡಿ... ಇಲ್ಲ, ಬ್ಯಾಡ, ತಡೀಬ್ಯಾಡ. ಮಕ್ಕಳಿದಾವೆ. ಮುಚ್ಚು."

ಮುಚ್ಚಿದರೆ ಗಂಡ ಆಚೆ. ಮುಚ್ಚದಿದ್ದರೆ ನೀರು ಒಳಗೆ. ಅವನು ಎಲ್ಲಿದ್ದಾನೆ ಎಂದು ಅವಳಿಗೆ ಕಾಣುತ್ತಿಲ್ಲ, ಬಾಗಿಲಿಗೆ ಗೊತ್ತಾಗುತ್ತದೆ. ಆದರೆ 'ಅವನು ಬಂದ ಮೇಲೆ' ಎಂದು ಬಾಗಿಲಿಗೆ ಹೇಳಲು ಎಂಜಿನಿಯರುಗಳ ಹುಕುಂನಲ್ಲಿ ಮಾತೇ ಇಲ್ಲ. ಅವಳು ಶಿಶುವಿಹಾರದ ಧ್ವನಿವರ್ಧಕದ ಗುಂಡಿ ಒತ್ತಿದಳು.

"ಹೊನ್ನಿ. ಅವ್ವ ಮಾತಾಡ್ತಿದೀನಿ. ಅಪ್ಪ ಓಣಿಯಲ್ಲಿ ಬರ್ತಿದಾರೆ. ಅಪ್ಪ ಒಳಗೆ ಬಂದ ಮೇಲೆ ಮುಚ್ಚಬೇಕು ಅಂತ ಬಾಗಿಲಿಗೆ ಹೇಳು."

"ಹೂಂ."

"ಇನ್ನೊಂದು. ನೀರು ಹೊಸ್ತಿಲು ದಾಟಿದ್ರೆ ಕಾಯಬಾರದು ಅಂತಾನೂ ಹೇಳು."

"ಅಪ್ಪ ಬರದಿದ್ರೂ ಮುಚ್ಚೋದಾ?"

"ಬರದಿದ್ರೂ."

"ನಿಜಕ್ಕಾ?"

ಶಿವಗಂಗಾ ಕಣ್ಣು ಮುಚ್ಚಿದಳು. "ನಿಜಕ್ಕೆ" ಎಂದಳು, ಒಂದೇ ಸಲ.

ಹೊನ್ನಿಯ ಸಣ್ಣ ದನಿ ಬಾಗಿಲಿಗೆ ಏನೋ ಹೇಳಿತು. ಒಂದೇ ಉಸಿರಿನ ಮಾತು. ಅದರಲ್ಲಿ ಕೊರೊ ಇತ್ತು, ಝಕು ಇತ್ತು, ಅಪ್ಪ ಇತ್ತು, ಉಳಿದದ್ದು ತಿಳಿಯಲಿಲ್ಲ. ಬಾಗಿಲು ಮುಕ್ಕಾಲು ಮುಚ್ಚಿ, ಒಬ್ಬ ಮನುಷ್ಯ ನುಸುಳುವಷ್ಟು ಸಂದು ಬಿಟ್ಟು ನಿಂತಿತು. ಅದು ಕಾಯುತ್ತಿತ್ತು. ನೀರು ಹೊಸ್ತಿಲಿಗೆ ಬಂದು ಮುಟ್ಟಿತು. ಸಂದಿನಲ್ಲಿ ಒಂದು ಕೈ, ಆಮೇಲೆ ಭುಜ, ಆಮೇಲೆ ಕರಿಬಸಪ್ಪನ ಪೂರ್ತಿ ಮೈ ಒಳಗೆ ಬಿತ್ತು. ಬಾಗಿಲು ಧಡ್ ಎಂದು ಕೂತುಕೊಂಡಿತು, ಅಗುಳಿಗಳು ತಿರುಗಿದವು. ಶಿವಗಂಗಾ ಮೇಜಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು.

ಆಮೇಲೆ ಕ್ರಾಸ್ತಾ ಆ ಮಾತಿನ ಧ್ವನಿಮುದ್ರಣ ಹಾಕಿ ಹಾಕಿ ಕೇಳಿದರು. ಮುಳುಗೂರಿನ ಮಕ್ಕಳಲ್ಲೆಲ್ಲ ದೊಡ್ಡವಳು ಒಡಿಯಾ ಹುಡುಗಿ ಮಿನತಿ. ಹೊನ್ನಿಯ ಮನೆಗೆ ಬಂದು ಹೋಗಿ ಹರಕು ಕನ್ನಡ ಕಲಿತವಳು. ಅವಳನ್ನು ಕರೆಸಿದರು. ಮಿನತಿ ಕಿವಿಗೊಟ್ಟು ಕೇಳಿ, ಅರ್ಧ ಬಿಡಿಸಿ ಹೇಳಿ, ನಡುವೆ ನಿಲ್ಲಿಸಿದಳು. "ಇಲ್ಲಿ ಒಂದು ಸದ್ದು ಇದೆ ಆಂಟಿ. ಅದರಿಂದಾನೇ 'ಬಂದ ಮೇಲೆ', 'ಅಲ್ಲಿವರೆಗೆ' ಎಲ್ಲ ಬರೋದು. ನಂಗೆ ಬರಲ್ಲ. ಚಿಕ್ಕೋರು ಹಾಕ್ತಾರೆ, ನಾನು ಹಾಕಿದ್ರೆ ನಗ್ತಾರೆ." ಮಿನತಿ ಇಲ್ಲಿಗೆ ಬಂದಾಗಲೇ ಆರು ತುಂಬಿತ್ತು, ಆ ವೇಳೆಗೆ ಅವಳ ಕಿವಿ ಒಡಿಯಾಕ್ಕೆ ಗಟ್ಟಿಯಾಗಿತ್ತು. ಕ್ರಾಸ್ತಾ ಧ್ವನಿಯನ್ನು ನಿಧಾನ ಮಾಡಿ ಕೇಳಿಸಿದರು. ಶಿವಗಂಗಾಗೆ ಅದು ಮಗು ಎಂಜಲು ನುಂಗಿದ ಸದ್ದಿನಂತೆ ಕೇಳಿಸಿತು, ಒಮ್ಮೊಮ್ಮೆ ಏನೂ ಕೇಳಿಸಲಿಲ್ಲ. ಯಂತ್ರಕ್ಕೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅವಘಡದ ಸುದ್ದಿಯೂ ಯಂತ್ರ ಮಕ್ಕಳ ಮಾತು ಕಲಿತ ಸುದ್ದಿಯೂ ದಡಕ್ಕೆ ಹೋದವು. ಅಲ್ಲಿನ ಮುಖ್ಯಾಧಿಕಾರಿ ಪರಮಶಿವಯ್ಯನವರು ಕೆಟ್ಟವರಲ್ಲ, ಹೆದರಿದವರು. "ಹಾಲುಹಲ್ಲು ಉದುರದ ಮಕ್ಕಳ ಬಾಯಲ್ಲಿ ಅಷ್ಟು ಜನರ ಜೀವ ಇಡೋಕಾಗುತ್ತೇನಮ್ಮ?" ಎಂದರು ತಂತಿಯಲ್ಲಿ. "ಯಂತ್ರದ ಕಿವಿ ಕಲಿತದ್ದನ್ನ ಪೂರ್ತಿ ಅಳಿಸಿಬಿಡಿ. ಮೊದಲಿನ ಹುಕುಂ ಮಾತ್ರ ಉಳೀಲಿ. ಮಕ್ಕಳನ್ನ ಒಟ್ಟಿಗೆ ಬಿಡಬೇಡಿ, ಅವರವರ ಮನೇಲೇ ಇರಲಿ. ಮರೆತುಹೋಗ್ತವೆ."

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಶಿವಗಂಗಾ ತನ್ನನ್ನೇ ಕೇಳಿಕೊಂಡಳು. ಬಾಗಿಲು ಅರ್ಧಕ್ಕೆ ನಿಂತು ಹಿಂದೆ ಸರಿದದ್ದು ಇನ್ನೂ ಕಣ್ಣ ಮುಂದೆ ಇತ್ತು. ಆದರೆ ಅದೇ ಮಾತು ಗಂಡನನ್ನು ಉಳಿಸಿತ್ತು. ಅಳಿಸಿದರೆ ಹೊನ್ನಿ ನಾಳೆ ಆಯಾ ಹತ್ತಿರ ಹೋಗಿ ಮಾತಾಡಿದಾಗ ಆಯಾ ಕಲ್ಲಿನಂತೆ ನಿಲ್ಲುತ್ತದೆ. ಜೊತೆಯ ಮಕ್ಕಳಿಲ್ಲ, ಮನೆಯಲ್ಲಿ ಆ ಮಾತು ಯಾರಿಗೂ ಬಾರದು. ಐದು ವರ್ಷದ ಕೂಸು, ತಾನು ಕಟ್ಟಿದ ಇಡೀ ಭಾಷೆಯೊಳಗೆ ಒಂಟಿಯಾಗಿ ಕೂತಿರುತ್ತದೆ. ಈ ಯೋಚನೆಗೆ ಅವಳಿಗೆ ನೀರಿಗಿಂತ ಹೆಚ್ಚು ಭಯವಾಯಿತು.

ಹೊರಗಿನವರು ತಂತಿಯಲ್ಲಿ ಕೈಯಾಡಿಸಬಾರದೆಂದು, ಕಿವಿ ಅಳಿಸುವ ಹುಕುಂ ಒಳಗಿನಿಂದಲೇ, ಪಾಳಿಯವರ ದನಿಯಲ್ಲೇ ಆಗಬೇಕಿತ್ತು. ಅದಕ್ಕೆ ಸಿರ್ಪೆ, ಅಂದರೆ ಕಲಿತದ್ದನ್ನು ಮರೆ, ಎಂದರೆ ಸಾಕು. ಪರಮಶಿವಯ್ಯ ತಂತಿಯಲ್ಲಿ ಕೇಳುತ್ತಾ ಕಾಯುತ್ತಿದ್ದರು. ಶಿಶುವಿಹಾರ ಇನ್ನೂ ಒದ್ದೆಯಿದ್ದುದರಿಂದ ಹೊನ್ನಿ ಅವ್ವನ ತೊಡೆಯ ಮೇಲಿದ್ದಳು. ಎರಡು ಸಲದ ಗುಟ್ಟನ್ನು ಯಾರೂ ಹೇಳಿರದಿದ್ದರಿಂದ ದಡದವರಿಗೆ ಅದು ಗೊತ್ತಿರಲಿಲ್ಲ. ಕ್ರಾಸ್ತಾಗೆ ಗೊತ್ತಿತ್ತು.

ಶಿವಗಂಗಾ ಮೈಕಿನ ಹತ್ತಿರ ಬಾಗಿ, ಅವಸರದ ದನಿಯಲ್ಲಿ, "ಸಿರ್ಪೆ ಸಿರ್ಪೆ" ಎಂದಳು.

ಟಿಣ್ ಎಂದಿತು. ಕ್ರಾಸ್ತಾ ಅವಳನ್ನೊಮ್ಮೆ ನೋಡಿ ತಮ್ಮ ಪರದೆಯ ಕಡೆಗೆ ತಿರುಗಿಕೊಂಡರು. "ಗುಡ್, ಗುಡ್" ಎಂದರು ಪರಮಶಿವಯ್ಯ. ಎರಡು ಸಲ ಅಂದದ್ದರಲ್ಲಿ ಅವರಿಗೆ ಕೇಳಿಸಿದ್ದು ಅವಸರ ಮಾತ್ರ. ಹೊನ್ನಿ ಅವ್ವನ ಮುಖವನ್ನೇ ನೋಡಿದಳು, ಅವಳ ಕಣ್ಣುಗಳು ಅರಳಿದವು. ಅವ್ವ ಮಕ್ಕಳ ಮಾತಿನಲ್ಲಿ ಆಡಿದ ಮೊದಲ ವಾಕ್ಯ ಅದು.

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡು ಶಿವಗಂಗಾ ಆ ವಾರ ನೆಮ್ಮದಿಯಾಗಿದ್ದಳು. ಯಂತ್ರಗಳು ಎಲ್ಲ ಮರೆತ ಹಾಗೆ ಎಷ್ಟು ಚೆನ್ನಾಗಿ ನಟಿಸಿದವೆಂದರೆ ದಡದವರು ಮಾಡಿದ ಪರೀಕ್ಷೆಯೆಲ್ಲ ಪಾಸಾಯಿತು. ಮಕ್ಕಳು ಮಾತಾಡಿದರೆ ಆಯಾ ಪೆದ್ದುಪೆದ್ದಾಗಿ ಬಿಡಿ ಪದಗಳಲ್ಲಿ ಉತ್ತರಿಸುತ್ತಿತ್ತು, ಹೊನ್ನಿ ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದಳು.

ಓಣಿಯ ಬೆಸುಗೆ ಮುಗಿಸಲು ಕರಿಬಸಪ್ಪ ಕಡಲಿಗೆ ಇಳಿಯಬೇಕಿತ್ತು. ಹೊರಗೆ ಇಳಿಯುವವರು ಹಾದುಹೋಗುವ, ನಿಯಂತ್ರಣ ಕೊಠಡಿಗೆ ಅಂಟಿಕೊಂಡ ಕೋಣೆಯಲ್ಲಿ ಅವನು ನಿಂತಿದ್ದ, ಅದಕ್ಕೆ ಎರಡು ಕದ. ಒಳಗಿನದು ಭದ್ರವಾದ ಮೇಲೆ ಕಡಲಿನ ಕಡೆಯದನ್ನು ಕೈಯಿಂದ ತೆರೆಯುವುದು. ಶಿವಗಂಗಾ "ಕೊರೊ ತಪಾ" ಎಂದಳು, ನೆನಪಿಟ್ಟುಕೊಂಡು, ಒಂದೇ ಸಲ. ಟಿಣ್ ಎಂದಿತು. ಬಾಗಿಲು ಬಂದು ಚೌಕಟ್ಟಿಗೆ ಕೂತಿತು, ಹಿಂದೆ ಸರಿಯಲಿಲ್ಲ. ಅವಳು ಸುಮ್ಮನೆ ಆ ಕಡೆ ನೋಡಿದಳು. ಅಗುಳಿಗಳು ತಿರುಗಿರಲಿಲ್ಲ. ಬಾಗಿಲು ಮುಚ್ಚಿದ ಬಾಗಿಲಿನ ವೇಷ ಹಾಕಿಕೊಂಡು ನಿಂತಿತ್ತು.

"ರೀ, ಆಚೆ ಕದ ಮುಟ್ಟಬೇಡಿ" ಎಂದು ಅವಳು ರೇಡಿಯೋದಲ್ಲಿ ಕೂಗಿದಳು. "ಯಾಕೆ ಗಂಗಾ? ಇಲ್ಲಿ ಹಸಿರು ದೀಪ ಬಂದೈತಲ್ಲ" ಎಂದ ಕರಿಬಸಪ್ಪ. "ದೀಪ ನಂಬಬೇಡಿ. ಕೈಯಿಂದಾನೇ ಒಳಗಿನ ಬಾಗಿಲು ತಳ್ಳಿ ಬನ್ನಿ." ಅವನು ತಳ್ಳಿದ. ಬೀಗವಿಲ್ಲದ ಬಾಗಿಲು ಸಲೀಸಾಗಿ ಸರಿದುಕೊಂಡಿತು.

ಕ್ರಾಸ್ತಾ ಹಣೆ ಒತ್ತಿಕೊಂಡರು. "ನಂಗೆ ಬೆಳಗ್ಗಿಂದ ಒಂದು ತಲೆನೋವು ಮಾರಾಯ್ತಿ. ಆ ಗಾಳಿಯದ್ದೊಂದು ನೋಡು."

ಗಾಳಿ ಶುದ್ಧಮಾಡುವ ಯಂತ್ರದ ಮೇಲೆ ಹಸಿರು ದೀಪವಿತ್ತು. ಕೇಳಿದಾಗಲೆಲ್ಲ ಟಿಣ್ ಎನ್ನುತ್ತಿತ್ತು. ಶಿವಗಂಗಾ ಹೋಗಿ ಅದರ ಬಾಯಿಗೆ ಅಂಗೈ ಹಿಡಿದಳು. ಎಳೆ ಮಗುವಿನ ಉಸಿರಿನಷ್ಟೂ ಗಾಳಿ ಅಲ್ಲಿಂದ ಬರುತ್ತಿರಲಿಲ್ಲ. ಅವಳು ಓಡಿದಳು.

ಹೊನ್ನಿ ಮನೆಯ ಮೂಲೆಯಲ್ಲಿ ತೂಕಡಿಸುತ್ತಿದ್ದಳು. ಶಿವಗಂಗಾ ಅವಳ ಮುಂದೆ ಮಂಡಿಯೂರಿ ಭುಜ ಹಿಡಿದಳು. "ಹೊನ್ನಿ, ಯಂತ್ರಗಳಿಗೆ ಏನಾಗಿದೆ? ಒಂದೇ ಸಲ ಹೇಳಿದ್ರೂ ಆಟ ಆಡ್ತಿದಾವೆ."

"ಆಟದೊಳಗೆ ಇದಾವಲ್ಲ ಅವ್ವ. ಆಟದೊಳಗೆ ಎಲ್ಲಾ ಆಟಾನೇ."

"ಸಾಕು ನಿಲ್ಲಿಸು ಅಂತ ನೀನು ಹೇಳು."

"ನಾನು ಹೇಳಿದ್ರೆ ನಿಲ್ಲಲ್ಲ. ಸ್ಟ್ಯಾಚ್ಯೂ ಆಟದ ಥರ, ಸ್ಟ್ಯಾಚ್ಯೂ ಅಂದೋರೇ ಓವರ್ ಅನ್ನಬೇಕು. ನೀನೇ ತಾನೆ ಅಂದಿದ್ದು?" ಹೊನ್ನಿ ಕಣ್ಣುಜ್ಜಿಕೊಂಡಳು. "ನಾವು ಆಟಕ್ಕೆ ಹೇಳೋವಾಗ ಎಲ್ಲಿವರೆಗೆ ಅಂತ ಹೇಳ್ತೀವಿ. ನೀನು ಹೇಳಲೇ ಇಲ್ಲ. ನಲ್ಲಿ ಬಾಗಿಲು ಆದ್ರೆ ಚೂರು ಆಡಿ ಬಿಡ್ತಾವೆ. ಮರೆಯೋ ಆಟ ಮುಗಿಯೋದಿಲ್ಲ."

"ಈಗ ಹೇಳ್ತೀನಿ. ಏನನ್ನಬೇಕು, ಹೇಳಿಕೊಡು."

ಹೊನ್ನಿ ಹೇಳಿದಳು. ಸಣ್ಣ ಮಾತು, ಎರಡೇ ಪದ, ನಡುವೆ ಆ ಸದ್ದು.

ಶಿವಗಂಗಾ ಗೋಡೆಯ ಮೈಕಿನ ಕಡೆಗೆ ಮುಖ ಮಾಡಿ ಹೇಳಿದಳು. ಟಿಣ್ ಎನ್ನಲಿಲ್ಲ.

"ಅದಲ್ಲ ಅವ್ವ."

ಅವಳು ಮಗಳ ಬಾಯನ್ನೇ ನೋಡಿದಳು. ತುಟಿ ಅಲುಗುವುದಿಲ್ಲ, ನಾಲಿಗೆ ಎಲ್ಲಿ ಹೋಗುತ್ತದೋ ಕಾಣುವುದಿಲ್ಲ. ಎರಡು ಬೆರಳನ್ನು ಮಗುವಿನ ಗಂಟಲ ಮೇಲಿಟ್ಟಳು. "ಇನ್ನೊಂದು ಸಲ ಹೇಳವ್ವ." ಹೊನ್ನಿ ಹೇಳಿದಳು. ಬೆರಳಿನ ಕೆಳಗೆ ಏನೋ ಒಂದು ಮಿಡಿಯಿತು. ಶಿವಗಂಗಾ ತನ್ನ ಗಂಟಲಿನಲ್ಲಿ ಅದನ್ನು ಹುಡುಕಿ, ಉಸಿರು ಹಿಡಿದು, ಹೇಳಿದಳು.

"ಅದೂ ಅಲ್ಲ" ಎಂದಳು ಹೊನ್ನಿ, ಆಕಳಿಸುತ್ತಾ. "ಸರಿಯಾಗಿ ಕೇಳಿಸ್ಕೋ."